ಬಹುಮಾನದ ಪಟ್ಟಿಗೆ ಅವರ ಹೆಸರು ಬರೆದವರು ಯಾರು?

ಜಗತ್ತಿನ ದೊಡ್ಡ ಬಹುಮಾನಗಳನ್ನು ಪಡೆದ ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ನೊಬೆಲ್ ಬಗ್ಗೆ ಕೇಳಿದವರೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಬರೆದವರ ಹೆಸರು, ಊರು ಹಾಕಿಲ್ಲ.

ಪ್ರಶ್ನೆ: ಮೇಡಂ, ಮೇರಿ ಕ್ಯೂರಿಗೆ ಮೊದಲ ನೊಬೆಲ್ ಬಂದಿದ್ದು ಗಂಡನಿಗೆ ಲ್ಯಾಬಿನಲ್ಲಿ ಸಹಾಯ ಮಾಡಿದ್ದಕ್ಕೆ ಅಂತ ನಮ್ಮ ಕ್ಲಾಸಿನಲ್ಲಿ ಒಬ್ಬರು ವಾದ ಮಾಡಿದರು. ನನಗೆ ತಿರುಗಿ ಹೇಳಲು ಏನೂ ಗೊತ್ತಿರಲಿಲ್ಲ. ನಿಜ ಏನು? (ಬಿ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ನಡೆದದ್ದು ಅದಕ್ಕೆ ಪೂರ್ತಿ ಉಲ್ಟಾ ತಂಗೀ. ಕೆಲಸ ಶುರು ಮಾಡಿದ್ದು ಮೇರಿ. ಆಮೇಲೆ ಬಂದು ಕೈ ಜೋಡಿಸಿದ್ದು ಗಂಡ ಪಿಯರ್.

1896ರಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂನಿಂದ ಕಣ್ಣಿಗೆ ಕಾಣದ ಕಿರಣ ಹೊರಡುತ್ತೆ ಅಂತ ಕಂಡುಹಿಡಿದಿದ್ದರು. ಆಗ ಎಲ್ಲರ ಗಮನ ಎಕ್ಸ್-ರೇ ಕಡೆಗಿತ್ತು, ಇದನ್ನು ಕೇಳುವವರು ಕಡಿಮೆ. ಮೇರಿ ತಮ್ಮ ಡಾಕ್ಟರೇಟ್‌ಗೆ ಇದೇ ವಿಷಯ ಎತ್ತಿಕೊಂಡರು. ಈ ಕಿರಣ ಹಾಯ್ದ ಗಾಳಿಯಲ್ಲಿ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಅದನ್ನು ಅಳೆಯಲು ಪಿಯರ್ ಮತ್ತು ಅವರಣ್ಣ ಜಾಕ್ ಹಿಂದೆಯೇ ಮಾಡಿಟ್ಟಿದ್ದ ಉಪಕರಣ ಬಳಸಿಕೊಂಡರು. ಸಿಕ್ಕ ಖನಿಜವನ್ನೆಲ್ಲ ತಂದು ಅಳೆಯುತ್ತಾ ಹೋದಾಗ ಪಿಚ್‌ಬ್ಲೆಂಡ್ ಅನ್ನೋ ಅದಿರು ಅದರೊಳಗಿನ ಯುರೇನಿಯಂಗೆ ತಾಳೆಯಾಗದಷ್ಟು ಹೆಚ್ಚು ಕಿರಣ ಸೂಸುವುದು ಕಂಡಿತು. ಮತ್ತೆ ಮತ್ತೆ ಅಳೆದರೂ ಲೆಕ್ಕ ಅಷ್ಟೇ. ಹಾಗಾದರೆ ಈ ಅದಿರಿನಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲದ ಮೂಲವಸ್ತು ಇರಲೇಬೇಕು ಅಂತ ತೀರ್ಮಾನಿಸಿದರು. 1898ರ ಏಪ್ರಿಲ್‌ನ ಆ ಪ್ರಬಂಧದ ಮೇಲೆ ಇರುವುದು ಅವರೊಬ್ಬರದೇ ಹೆಸರು. ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಅವರು ಸದಸ್ಯೆ ಅಲ್ಲ, ಹಾಗಾಗಿ ಅಲ್ಲಿ ಅದನ್ನು ಮಂಡಿಸಿದ್ದು ಅವರ ಗುರು ಗೇಬ್ರಿಯಲ್ ಲಿಪ್‌ಮನ್. ಇದಾದ ಮೇಲೆಯೇ ಪಿಯರ್ ತಮ್ಮ ಸ್ಫಟಿಕಗಳ ಸಂಶೋಧನೆ ಬದಿಗಿಟ್ಟು ಹೆಂಡತಿಯ ಕೆಲಸಕ್ಕೆ ಬಂದದ್ದು. ಅದೇ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರ್‌ನಲ್ಲಿ ರೇಡಿಯಂ.

ಆಮೇಲಿನದು ಬರೀ ಮೈಮುರಿಯುವ ದುಡಿಮೆ. ಚಾವಣಿ ಸೋರುವ ಒಂದು ಶೆಡ್. ಟನ್‌ಗಟ್ಟಲೆ ಅದಿರಿನ ಕಸ. ತನ್ನಷ್ಟೇ ಉದ್ದದ ಕಬ್ಬಿಣದ ಸಲಾಕೆ ಹಿಡಿದು ಕುದಿಯುವ ರಾಸಾಯನಿಕವನ್ನು ಇಡೀ ದಿನ ಕಲಕುತ್ತಿದ್ದದ್ದನ್ನು ಮೇರಿಯೇ ಬರೆದಿದ್ದಾರೆ. ಇಷ್ಟು ಮಾಡಿ 1902ರಲ್ಲಿ ಕೈಗೆ ಬಂದದ್ದು ಗ್ರಾಂನ ಹತ್ತನೇ ಒಂದು ಭಾಗ ರೇಡಿಯಂ ಕ್ಲೋರೈಡ್.

ಈಗ ನೊಬೆಲ್ ವಿಷಯ. 1903ರಲ್ಲಿ ಫ್ರೆಂಚ್ ಅಕಾಡೆಮಿಯ ನಾಲ್ವರು ಸದಸ್ಯರು ಸ್ವೀಡನ್‌ಗೆ ಕಳಿಸಿದ ಶಿಫಾರಸು ಪತ್ರದಲ್ಲಿ ಇದ್ದದ್ದು ಬೆಕೆರೆಲ್ ಮತ್ತು ಪಿಯರ್ ಹೆಸರು ಮಾತ್ರ. ಮೇರಿ ಹೆಸರೇ ಇಲ್ಲ. ಸಹಿ ಹಾಕಿದವರಲ್ಲಿ ಆ ಲಿಪ್‌ಮನ್ ಕೂಡ ಒಬ್ಬರು, ಮೇರಿಯ ಒಂಟಿ ಹೆಸರಿನ ಪ್ರಬಂಧವನ್ನು ತಮ್ಮ ಕೈಯಾರೆ ಮಂಡಿಸಿದ್ದವರು! ನನಗೆ ಇವತ್ತಿಗೂ ಅರಗಿಸಿಕೊಳ್ಳಲಾಗದ ಸಂಗತಿ ಇದು. ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ ಇದನ್ನು ಗಮನಿಸಿ ಪಿಯರ್‌ಗೆ ಪತ್ರ ಬರೆದರು. ನನ್ನ ಹೆಸರು ನಿಜವಾಗಿ ಪರಿಗಣಿಸುತ್ತಿದ್ದರೆ ಮೇಡಂ ಕ್ಯೂರಿ ಜೊತೆಗೇ ಪರಿಗಣಿಸಲಿ ಅನ್ನೋ ಅರ್ಥದಲ್ಲಿ ಪಿಯರ್ ಉತ್ತರ ಕೊಟ್ಟರು. ಹಿಂದಿನ ವರ್ಷ ಬಂದಿದ್ದ ಒಂದು ಶಿಫಾರಸಿನಲ್ಲಿ ಮೇರಿ ಹೆಸರಿತ್ತು. ಅದನ್ನೇ ಹಿಡಿದು ಅವರನ್ನು ಸೇರಿಸಿಕೊಂಡರು.

ಕ್ಲಾಸಿನಲ್ಲಿ ವಾದ ಮಾಡಿದವರಿಗೆ ಇದನ್ನೂ ಹೇಳಿ. 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಮೇರಿಗೆ ಒಬ್ಬರಿಗೇ ಬಂತು. ಪಿಯರ್ ತೀರಿಕೊಂಡು ಆಗ ಐದು ವರ್ಷ ಆಗಿತ್ತು. ಅದೇ ವರ್ಷ ಅವರ ಖಾಸಗಿ ಬದುಕನ್ನು ಪ್ಯಾರಿಸ್ಸಿನ ಪತ್ರಿಕೆಗಳು ಬೀದಿಗೆಳೆದಿದ್ದವು. ನೊಬೆಲ್ ಸಮಿತಿಯ ಅರೇನಿಯಸ್ ಈ ಸಲ ಬರಬೇಡಿ ಅಂತ ಬರೆದರು. ಬಹುಮಾನ ಕೊಟ್ಟಿರುವುದು ರೇಡಿಯಂ, ಪೊಲೋನಿಯಂ ಕಂಡುಹಿಡಿದದ್ದಕ್ಕೆ, ನನ್ನ ಖಾಸಗಿ ಬದುಕಿಗೂ ಆ ಕೆಲಸಕ್ಕೂ ಸಂಬಂಧವಿಲ್ಲ ಅಂತ ಉತ್ತರಿಸಿ ಮೇರಿ ಸ್ಟಾಕ್‌ಹೋಮ್‌ಗೆ ಹೋದರು, ನಿಂತು ಭಾಷಣ ಮಾಡಿದರು, ತೆಗೆದುಕೊಂಡು ಬಂದರು.

ಪ್ರಶ್ನೆ: ಫಿಸಿಕ್ಸ್ ನೊಬೆಲ್ 1901ರಿಂದ ಇದೆ, ಹೆಂಗಸರು ಐದೇ ಜನ ಅಂತೆ. ಹೆಣ್ಣುಮಕ್ಕಳಿಗೆ ಆ ವಿಷಯದಲ್ಲಿ ಆಸಕ್ತಿ ಕಡಿಮೆ ಅನ್ನೋದೇ ಕಾರಣ ಇರಬಹುದಲ್ವಾ? (ನಿವೃತ್ತ ಅಧ್ಯಾಪಕರು)

ಉತ್ತರ: ಐದೇ ಜನ ಅನ್ನೋದು ನಿಜ, 2025ರ ಬಹುಮಾನ ಸೇರಿಸಿಯೂ. 1903ರಲ್ಲಿ ಮೇರಿ ಕ್ಯೂರಿ, 1963ರಲ್ಲಿ ಮರಿಯಾ ಗೋಪರ್ಟ್ ಮಾಯರ್, 2018ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್, 2020ರಲ್ಲಿ ಆಂಡ್ರಿಯಾ ಗೆಜ್, 2023ರಲ್ಲಿ ಆನ್ ಲುಯಿಲಿಯೇ. ಆಸಕ್ತಿ ಕಡಿಮೆ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ ಸರ್. ಒಪ್ಪದೇ ಇರೋದಕ್ಕೆ ಮರಿಯಾ ಅವರ ಕಥೆ ಒಂದೇ ಸಾಕು.

ಅವರು ಜರ್ಮನಿಯ ಗಟಿಂಗನ್‌ನಲ್ಲಿ 1930ರಲ್ಲಿ ಡಾಕ್ಟರೇಟ್ ಮಾಡಿದರು. ಮದುವೆಯಾಗಿ ಗಂಡನ ಜೊತೆ ಅಮೆರಿಕಕ್ಕೆ ಬಂದರು. ಗಂಡ ಜೋಸೆಫ್ ಮಾಯರ್ ಕೂಡ ವಿಜ್ಞಾನಿ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಡೆ ಕೆಲಸ ಕೊಡಬಾರದು ಅನ್ನೋ ನಿಯಮ ಆಗ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇತ್ತು. ಸಂಬಳ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅಂತ ಹೇಳಬೇಕಾಗಿಲ್ಲ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹಾಗೇ ಆಯಿತು. ಆಮೇಲೆ ಚಿಕಾಗೋದಲ್ಲಿ ಪ್ರೊಫೆಸರ್ ಅನ್ನೋ ಪದವಿ ಕೊಟ್ಟರು, ಆ ಪದವಿಗೆ ಸಂಬಳ ಮಾತ್ರ ಕೊಡಲಿಲ್ಲ. ಆದರೂ ಕ್ಲಾಸು, ವಿದ್ಯಾರ್ಥಿಗಳು, ಸಂಶೋಧನೆ ಯಾವುದನ್ನೂ ಬಿಡಲಿಲ್ಲ.

ಅವರು ಬಿಡಿಸಿದ ಗಂಟು ಯಾವುದು ಗೊತ್ತಾ? ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇರುತ್ತೆ, ಅದರೊಳಗೆ ಪ್ರೋಟಾನ್, ನ್ಯೂಟ್ರಾನ್. ಇವುಗಳ ಸಂಖ್ಯೆ 2, 8, 20, 28, 50, 82, 126 ಆದಾಗ ನ್ಯೂಕ್ಲಿಯಸ್ ಬೇರೆಲ್ಲಕ್ಕಿಂತ ಗಟ್ಟಿ. ಯಾಕೆ ಈ ಸಂಖ್ಯೆಗಳೇ ಅಂತ ಯಾರಿಗೂ ಹೇಳಲು ಆಗಿರಲಿಲ್ಲ. ಒಂದು ದಿನ ಮರಿಯಾ ಇದನ್ನೇ ಭೌತವಿಜ್ಞಾನಿ ಎನ್ರಿಕೋ ಫರ್ಮಿ ಜೊತೆ ಮಾತಾಡುತ್ತಾ ಕೂತಿದ್ದರು. ಫರ್ಮಿಗೆ ಫೋನ್ ಬಂತು. ಎದ್ದು ಹೋಗುತ್ತಾ ಬಾಗಿಲ ಹತ್ತಿರ ತಿರುಗಿ, ಸ್ಪಿನ್-ಆರ್ಬಿಟ್ ಜೋಡಣೆಯ ಸುಳಿವೇನಾದರೂ ಇದೆಯಾ ಅಂತ ಒಂದು ಪ್ರಶ್ನೆ ಕೇಳಿ ಹೋದರು. ಅಂದರೆ ಆ ಕಣಗಳು ತಮ್ಮಷ್ಟಕ್ಕೆ ಗಿರಕಿ ಹೊಡೆಯುವುದಕ್ಕೂ ಕಕ್ಷೆಯಲ್ಲಿ ಸುತ್ತುವುದಕ್ಕೂ ನಡುವೆ ನಂಟು ಇದೆಯಾ ಅಂತ. ಫರ್ಮಿ ವಾಪಸ್ ಬರುವಷ್ಟರಲ್ಲಿ ಮರಿಯಾ ಉತ್ತರ ಹಿಡಿದಿದ್ದರು. ಆ ಒಂದು ಪ್ರಶ್ನೆ ಬಿದ್ದ ಕೂಡಲೇ ಇಡೀ ಲೆಕ್ಕ ಅವರ ತಲೆಯಲ್ಲಿ ಕೂಡಿಕೊಂಡಿತ್ತು, ಯಾಕೆಂದರೆ ಅಷ್ಟೂ ಅಂಕಿಅಂಶ ಆಗಲೇ ಅವರಿಗೆ ಬಾಯಿಪಾಠ. ಇಂಥವರಿಗೆ ಪೂರ್ತಿ ಸಂಬಳದ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1960ರಲ್ಲಿ, ಸ್ಯಾನ್ ಡಿಯಾಗೋದಲ್ಲಿ. ಆಗ ವಯಸ್ಸು 50 ದಾಟಿತ್ತು. ಮೂರು ವರ್ಷಕ್ಕೆ ನೊಬೆಲ್ ಬಂದಾಗ ಅಲ್ಲಿನ ಪತ್ರಿಕೆಯ ತಲೆಬರಹ ಏನಿತ್ತು ಅಂದರೆ, ಸ್ಯಾನ್ ಡಿಯಾಗೋದ ತಾಯಿಗೆ ನೊಬೆಲ್ ಅಂತ. ತಾಯಿ ಅನ್ನೋದೂ ನಿಜವೇ. ಜೊತೆಗೆ ಬಹುಮಾನ ಪಡೆದ ಇಬ್ಬರು ಗಂಡಸರನ್ನು ತಂದೆ ಅಂತ ಯಾರೂ ಬರೆಯಲಿಲ್ಲ.

ಸ್ಟ್ರಿಕ್‌ಲ್ಯಾಂಡ್ ಅವರದು ಇನ್ನೂ ಮೊನ್ನೆ ಮೊನ್ನೆಯ ಕಥೆ. ತೀವ್ರವಾದ, ತೀರಾ ಚಿಕ್ಕ ಲೇಸರ್ ಮಿಡಿತಗಳನ್ನು ಮಾಡುವ ವಿಧಾನವನ್ನು 1985ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗಲೇ ಗುರುಗಳ ಜೊತೆ ಪ್ರಕಟಿಸಿದರು. 2018ರಲ್ಲಿ ನೊಬೆಲ್ ಪ್ರಕಟವಾದ ದಿನ ವಿಕಿಪೀಡಿಯಾದಲ್ಲಿ ಅವರ ಬಗ್ಗೆ ಒಂದು ಪುಟವೂ ಇರಲಿಲ್ಲ. ಕೆಲವು ತಿಂಗಳ ಹಿಂದೆ ಯಾರೋ ಬರೆದು ಕಳಿಸಿದ್ದರು, ಇವರು ಅಷ್ಟು ಮುಖ್ಯರಾದವರು ಅಂತ ತೋರಿಸುವ ಆಧಾರ ಸಾಲದು ಅಂತ ಅದು ವಾಪಸ್ ಆಗಿತ್ತು.

ಇನ್ನೊಂದು ಲೆಕ್ಕ ನೋಡಿ. ನೊಬೆಲ್ ಹಣವನ್ನು ಹೆಚ್ಚೆಂದರೆ ಮೂವರಿಗೆ ಹಂಚಬಹುದು. ಈ ಐವರಲ್ಲಿ ನಾಲ್ವರಿಗೆ ಬಂದದ್ದು ಕಾಲು ಪಾಲು. ಲುಯಿಲಿಯೇ ಅವರಿಗೆ ಮೂರನೇ ಒಂದು. ಫಿಸಿಕ್ಸ್ ನೊಬೆಲ್ ಒಬ್ಬಳೇ ಹೆಣ್ಣುಮಗಳಿಗೆ ಪೂರ್ತಿಯಾಗಿ ಹೋದದ್ದು ಇವತ್ತಿನವರೆಗೆ ಇಲ್ಲ.

ಪ್ರಶ್ನೆ: ಗಣಿತಕ್ಕೆ ನೊಬೆಲ್ ಇಲ್ಲ. ಅದಕ್ಕೆ ಸಮನಾದ ಬಹುಮಾನ ಹೆಂಗಸರಿಗೆ ಬಂದಿದೆಯಾ?

ಉತ್ತರ: ಬಂದಿದೆ. ಫೀಲ್ಡ್ಸ್ ಮೆಡಲ್ ನಾಲ್ಕು ವರ್ಷಕ್ಕೊಮ್ಮೆ ಕೊಡ್ತಾರೆ, 40 ವರ್ಷದೊಳಗಿನವರಿಗೆ ಮಾತ್ರ. 1936ರಲ್ಲಿ ಶುರುವಾಯಿತು. ಮೊದಲ ಹೆಣ್ಣುಮಗಳು ಇರಾನಿನ ಮರ್ಯಂ ಮಿರ್ಜಾಖಾನಿ, 2014ರಲ್ಲಿ. ಬಾಗಿದ ಮೇಲ್ಮೈಗಳ ಜ್ಯಾಮಿತಿ ಅವರ ಕ್ಷೇತ್ರ. ನೆಲದ ಮೇಲೆ ದೊಡ್ಡ ದೊಡ್ಡ ಹಾಳೆ ಹಾಸಿಕೊಂಡು ಗಂಟೆಗಟ್ಟಲೆ ಚಿತ್ರ ಬಿಡಿಸುತ್ತಾ, ಅಂಚಿನಲ್ಲಿ ಸೂತ್ರ ಬರೆಯುತ್ತಾ ಯೋಚನೆ ಮಾಡುತ್ತಿದ್ದರು. ಪುಟ್ಟ ಮಗಳು ಅದನ್ನು ನೋಡಿ ಅಮ್ಮ ಪೇಂಟಿಂಗ್ ಮಾಡ್ತಿದ್ದಾರೆ ಅಂದುಕೊಳ್ಳುತ್ತಿದ್ದಳಂತೆ. 2017ರಲ್ಲಿ, 40ನೇ ವಯಸ್ಸಿಗೆ, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಎರಡನೆಯವರು ಉಕ್ರೇನಿನ ಮರೀನಾ ವಿಯಾಜೊವ್‌ಸ್ಕಾ, 2022ರಲ್ಲಿ. ಒಂದೇ ಅಳತೆಯ ಚೆಂಡುಗಳನ್ನು ಜಾಗ ವ್ಯರ್ಥವಾಗದ ಹಾಗೆ ಒತ್ತಾಗಿ ಜೋಡಿಸೋದು ಹೇಗೆ ಅನ್ನೋದು ಹಳೆಯ ಪ್ರಶ್ನೆ. ಅದನ್ನು ಎಂಟು ಆಯಾಮಗಳಲ್ಲಿ ಬಿಡಿಸಿದರು. ಇನ್ನು ಗಣಿತದ್ದೇ ಆದ ಆಬೆಲ್ ಪ್ರಶಸ್ತಿಗೆ ವಯಸ್ಸಿನ ಮಿತಿ ಇಲ್ಲ, 2019ರಲ್ಲಿ ಕ್ಯಾರೆನ್ ಉಲೆನ್‌ಬೆಕ್‌ಗೆ ಸಿಕ್ಕಿತು. ನನ್ನ ಅಭಿಪ್ರಾಯ ಕೇಳಿದರೆ ಆ 40ರ ಮಿತಿ ಹೆಣ್ಣುಮಕ್ಕಳಿಗೆ ಜಾಸ್ತಿ ತೊಂದರೆ ಕೊಡುತ್ತೆ. ಹೆರಿಗೆ, ಮಗು ಎಲ್ಲ ಬರುವುದು ಅದೇ ವರ್ಷಗಳಲ್ಲಿ ಅಲ್ವಾ?

ಪ್ರಶ್ನೆ: ಡಿಎನ್‌ಎ ರಚನೆ ಪತ್ತೆಯಾಗಲು ನೆರವಾದ ರೋಸಲಿಂಡ್ ಫ್ರ್ಯಾಂಕ್ಲಿನ್‌ಗೆ ಬೇಕಂತಲೇ ನೊಬೆಲ್ ತಪ್ಪಿಸಿದರು ಅಂತ ಎಲ್ಲ ಕಡೆ ಓದುತ್ತೇನೆ. ಹೀಗೆ ಬಹುಮಾನ ತಪ್ಪಿದವರು ಇನ್ನೂ ಇದ್ದಾರಾ?

ಉತ್ತರ: ಫ್ರ್ಯಾಂಕ್ಲಿನ್ ವಿಷಯದಲ್ಲಿ ಎರಡು ಮಾತು ಬೇರೆ ಮಾಡಿಕೊಳ್ಳೋಣ. ಅವರ ಎಕ್ಸ್-ರೇ ಚಿತ್ರ ಮತ್ತು ಅಳತೆಗಳನ್ನು ಅವರಿಗೆ ಗೊತ್ತಿಲ್ಲದೇ ಬಳಸಿಕೊಂಡದ್ದು ಅನ್ಯಾಯವೇ. ಆದರೆ ಡಿಎನ್‌ಎ ರಚನೆಗೆ ನೊಬೆಲ್ ಬಂದದ್ದು 1962ರಲ್ಲಿ, ಅವರು ತೀರಿಕೊಂಡದ್ದು 1958ರಲ್ಲಿ, 37ನೇ ವಯಸ್ಸಿಗೆ. ತೀರಿಹೋದವರಿಗೆ ಕೊಡುವ ಪದ್ಧತಿ ಇಲ್ಲ. ಬದುಕಿದ್ದರೆ ಕೊಡುತ್ತಿದ್ದರಾ ಅಂತ ಯಾರೂ ಹೇಳಲಾರರು.

ಬದುಕಿದ್ದೂ ತಪ್ಪಿದವರು ಇದ್ದಾರೆ. ಲೀಸ್ ಮೈಟ್ನರ್ ಮತ್ತು ಒಟ್ಟೋ ಹಾನ್ ಬರ್ಲಿನ್ನಿನಲ್ಲಿ 30 ವರ್ಷ ಜೊತೆಗೆ ಕೆಲಸ ಮಾಡಿದವರು. ಹಿಟ್ಲರನ ಕಾಲದಲ್ಲಿ, 1938ರಲ್ಲಿ, ಯಹೂದಿ ಮೂಲದ ಮೈಟ್ನರ್ ದೇಶ ಬಿಟ್ಟು ಓಡಬೇಕಾಯಿತು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದು ನೋಡುವ ಹಾನ್ ಅವರ ಪ್ರಯೋಗದ ವಿಚಿತ್ರ ಫಲಿತಾಂಶ ಅದೇ ಡಿಸೆಂಬರ್‌ನಲ್ಲಿ ಪತ್ರದ ಮೂಲಕ ಸ್ವೀಡನ್ನಿನಲ್ಲಿದ್ದ ಮೈಟ್ನರ್‌ಗೆ ಬಂತು. ಅಕ್ಕನ ಮಗ ಫ್ರಿಶ್ ಜೊತೆ ಹಿಮದಲ್ಲಿ ನಡೆಯುತ್ತಾ, ನ್ಯೂಕ್ಲಿಯಸ್ ಎರಡಾಗಿ ಒಡೆದಿದೆ ಅಂತ ಲೆಕ್ಕ ಹಾಕಿ ತೋರಿಸಿದ್ದು ಇವರು. 1944ರ ರಸಾಯನಶಾಸ್ತ್ರ ನೊಬೆಲ್ ಹಾನ್‌ಗೆ ಒಬ್ಬರಿಗೇ ಹೋಯಿತು. ಮೈಟ್ನರ್ ಹೆಸರು ಬೇರೆ ಬೇರೆ ವರ್ಷ ಒಟ್ಟು 40ಕ್ಕೂ ಹೆಚ್ಚು ಸಲ ಶಿಫಾರಸಾಗಿತ್ತು. ಅಂದರೆ ಹೆಸರು ಬರೆಯುವವರು ಇದ್ದರೂ ಕೆಲವು ಸಲ ಸಾಲದು, ಒಳಗೆ ಕೂತವರೂ ಓದಬೇಕು. ನೂರೊಂಬತ್ತನೇ ಮೂಲವಸ್ತುವಿಗೆ ಈಗ ಅವರ ಹೆಸರಿದೆ, ಮೈಟ್ನೇರಿಯಂ.

ಚೀನಾ ಮೂಲದ ಚಿಯೆನ್-ಶಿಯುಂಗ್ ವೂ ಅವರದೂ ಹೀಗೇ. ಪ್ರಕೃತಿಯ ಒಂದು ಮೂಲ ನಿಯಮ ಎಲ್ಲ ಕಡೆ ನಿಲ್ಲೋದಿಲ್ಲ ಅಂತ ಲೀ ಮತ್ತು ಯಾಂಗ್ ಅನ್ನೋ ಇಬ್ಬರು ವಿಜ್ಞಾನಿಗಳು ಊಹಿಸಿದರು, ಪ್ರಯೋಗ ಮಾಡಿ ತೋರಿಸಿದ್ದು ವೂ. 1957ರಲ್ಲಿ ನೊಬೆಲ್ ಊಹಿಸಿದ ಇಬ್ಬರಿಗೆ ಹೋಯಿತು. 1978ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ವುಲ್ಫ್ ಪ್ರಶಸ್ತಿಯನ್ನು ವೂ ಅವರಿಗೆ ಕೊಟ್ಟರು.

ನನಗೆ ಎಲ್ಲರಿಗಿಂತ ಇಷ್ಟ ಜಾಸಲಿನ್ ಬೆಲ್ ಬರ್ನೆಲ್. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ರೇಡಿಯೋ ದೂರದರ್ಶಕದ ಕಂಬ ನೆಡೋದರಿಂದ ಹಿಡಿದು ತಂತಿ ಕಟ್ಟೋವರೆಗೆ ಕೈಯಾರೆ ಮಾಡಿದವರಲ್ಲಿ ಅವರೂ ಒಬ್ಬರು. ಅದು ಪ್ರತಿದಿನ ಹತ್ತಿರ ಹತ್ತಿರ ನೂರು ಅಡಿ ಕಾಗದದ ಮೇಲೆ ಗೀರು ಎಳೆದು ಕೊಡುತ್ತಿತ್ತು. ಅಷ್ಟನ್ನೂ ಕಣ್ಣಿನಿಂದಲೇ ನೋಡಬೇಕು. ಆ ನೂರು ಅಡಿಯಲ್ಲಿ ಒಂದಿಷ್ಟೇ ಇಷ್ಟು ಜಾಗದಲ್ಲಿ ಒಂದು ಗೀಚು, ಅಲ್ಲಿವರೆಗೆ ಗೊತ್ತಿದ್ದ ಯಾವ ಆಕಾಶಕಾಯದ್ದೂ ಅಲ್ಲ, ಮನುಷ್ಯರ ಯಂತ್ರದ ಗದ್ದಲವೂ ಅಲ್ಲ. ಇದನ್ನು ಮೊದಲೂ ನೋಡಿದ್ದೇನೆ ಅಂತ ಹಳೆಯ ಸುರುಳಿ ತೆಗೆದು ನೋಡಿದರೆ ಆಕಾಶದ ಅದೇ ಜಾಗ. ಕಾಗದ ವೇಗವಾಗಿ ಓಡಿಸಿ ಹಿಡಿದಾಗ ಅದು 1.33 ಸೆಕೆಂಡಿಗೊಂದರಂತೆ ಮಿಡಿಯುತ್ತಿತ್ತು. ಮೊದಲ ಪಲ್ಸಾರ್, ಅಂದರೆ ಗಿರಗಿರ ಸುತ್ತುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ, ಸಿಕ್ಕಿದ್ದು ಹೀಗೆ. 1974ರ ನೊಬೆಲ್ ಅವರ ಗುರು ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್‌ಗೆ. 2018ರಲ್ಲಿ ಬೆಲ್ ಬರ್ನೆಲ್‌ಗೆ ವಿಶೇಷ ಬ್ರೇಕ್‌ಥ್ರೂ ಪ್ರಶಸ್ತಿ ಬಂತು, 30 ಲಕ್ಷ ಡಾಲರ್. ಒಂದು ಪೈಸೆ ಇಟ್ಟುಕೊಳ್ಳಲಿಲ್ಲ. ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಲು ಅವಕಾಶ ಸಿಗದ ಹಿನ್ನೆಲೆಯಿಂದ ಬರುವ ವಿದ್ಯಾರ್ಥಿಗಳಿಗೆ ಅಂತ ಪೂರ್ತಿ ಕೊಟ್ಟುಬಿಟ್ಟರು.

ಪ್ರಶ್ನೆ: ಹೆಂಗಸರಿಗಾಗಿಯೇ ಬೇರೆ ಪ್ರಶಸ್ತಿ ಇಡುವುದು ಸರಿಯಾ? ಅದು ಕೀಳಾಗಿ ಕಂಡ ಹಾಗೆ ಅನಿಸುತ್ತೆ.

ಉತ್ತರ: ನಿಮ್ಮ ಮಾತಿನಲ್ಲಿ ಅರ್ಥವಿದೆ. ಆದರೂ ನಾನು ಇರಲಿ ಅನ್ನುವವಳು. ಲೊರಿಯಲ್-ಯುನೆಸ್ಕೋ ಪ್ರಶಸ್ತಿ ನೋಡಿ. 1998ರಲ್ಲಿ ಶುರುವಾಯಿತು, ಈಗ ವರ್ಷಕ್ಕೆ ಐವರು ವಿಜ್ಞಾನಿಗಳಿಗೆ, ಜಗತ್ತಿನ ಒಂದೊಂದು ಭಾಗದಿಂದ ಒಬ್ಬೊಬ್ಬರಿಗೆ ಕೊಡ್ತಾರೆ. 2008ರಲ್ಲಿ ಇದು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅಡಾ ಯೊನಾಥ್‌ಗೆ ಬಂತು, ಮರುವರ್ಷವೇ ಇಬ್ಬರಿಗೂ ನೊಬೆಲ್. 2016ರಲ್ಲಿ ಎಮ್ಯಾನುಯೆಲ್ ಶಾರ್ಪೆಂಟಿಯೇ ಮತ್ತು ಜೆನಿಫರ್ ಡೌಡ್ನಾಗೆ ಬಂತು, 2020ರಲ್ಲಿ ಅವರಿಬ್ಬರೇ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು. ಇದು ಬಂದದ್ದಕ್ಕೇ ಅದು ಬಂತು ಅಂತ ನಾನು ಹೇಳ್ತಿಲ್ಲ. ಶಿಫಾರಸು ಮಾಡುವವರ ಕಣ್ಣಿಗೆ ಬೀಳುವ ಕಡೆ ಒಂದು ಹೆಸರು ಮೊದಲೇ ಇದ್ದರೆ ಒಳ್ಳೆಯದು ಅಷ್ಟೇ. ನೊಬೆಲ್‌ನಲ್ಲೇ ಕೋಟಾ ಇಡಿ ಅನ್ನೋ ಮಾತೂ ಬಂದಿತ್ತು, ವಿಜ್ಞಾನದ ನೊಬೆಲ್ ಕೊಡುವ ರಾಯಲ್ ಸ್ವೀಡಿಷ್ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ 2021ರಲ್ಲಿ ಅದು ಬೇಡ ಅಂದರು. ಅದರಲ್ಲಿ ನನ್ನದೂ ಅದೇ ಅಭಿಪ್ರಾಯ.

ಪ್ರಶ್ನೆ: ಮೇಡಂ, ನನ್ನ ಮಗಳು ಸಂಶೋಧನೆ ಮಾಡುತ್ತಿದ್ದಳು. ಮಗು ಆದ ಮೇಲೆ ಬಿಟ್ಟಳು. ಈಗ 36. ಇನ್ನು ಏನು ಮಾಡಿ ಏನು ಪ್ರಯೋಜನ ಅಂತ ಕೂತಿದ್ದಾಳೆ. ತಡವಾಗಿ ಸಾಧಿಸಿದವರ ಬಗ್ಗೆ ಅವಳಿಗೆ ಹೇಳಬೇಕು. (ಒಬ್ಬ ತಾಯಿ)

ಉತ್ತರ: ಹೇಳಲು ಹೆಸರುಗಳು ಬೇಕಾದಷ್ಟಿವೆ ಅಮ್ಮಾ. ಚೀನಾದ ತು ಯೂಯೂ ಅವರಿಗೆ ನೊಬೆಲ್ ಬಂದಾಗ 84. ಡಾಕ್ಟರೇಟ್ ಇಲ್ಲ, ವೈದ್ಯಕೀಯ ಪದವಿಯೂ ಇಲ್ಲ. ಮಲೇರಿಯಾಗೆ ಔಷಧಿ ಹುಡುಕುತ್ತಾ ಹಳೆಯ ವೈದ್ಯಗ್ರಂಥಗಳನ್ನು ತಿರುವಿ ಹಾಕಿದಾಗ, ಚಿಂಗ್‌ಹಾವ್ ಅನ್ನೋ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತ ಒಂದು ಸಾಲು ಸಿಕ್ಕಿತು. ಕುದಿಸಿ ಅಂತ ಅದರಲ್ಲಿ ಇರಲಿಲ್ಲ. ಬಿಸಿ ಮಾಡಿದ್ದರಿಂದಲೇ ಔಷಧಿಯ ಗುಣ ಕೆಡುತ್ತಿದೆ ಅಂತ ಅವರಿಗೆ ಹೊಳೆಯಿತು. ಕಡಿಮೆ ಶಾಖದಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಕೆಲಸ ಮಾಡಿತು. ತಂಡದಲ್ಲಿ ಅದನ್ನು ಮೊದಲು ಸ್ವತಃ ಕುಡಿದು ನೋಡಿದವರಲ್ಲಿ ಅವರೂ ಒಬ್ಬರು.

ಹಂಗೇರಿಯ ಕ್ಯಾಟಲಿನ್ ಕರಿಕೋ 1985ರಲ್ಲಿ ಅಮೆರಿಕಕ್ಕೆ ಹೋಗುವಾಗ ಮಗಳ ಟೆಡ್ಡಿ ಬೇರ್ ಗೊಂಬೆಯೊಳಗೆ 900 ಪೌಂಡ್ ಹೊಲಿದು ಒಯ್ದರು. ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಹೇಳುವ ಅಣು ಎಂಆರ್‌ಎನ್‌ಎ, ಅದರ ಮೇಲಿನ ಅವರ ಕೆಲಸಕ್ಕೆ ಯಾರೂ ಹಣ ಕೊಡಲಿಲ್ಲ. 1995ರಲ್ಲಿ ಹುದ್ದೆಯಿಂದ ಕೆಳಗಿಳಿಸಿದರು. ಆದರೂ ಬಿಡಲಿಲ್ಲ. ಡ್ರೂ ವೈಸ್‌ಮನ್ ಜೊತೆ 2005ರಲ್ಲಿ ಪ್ರಕಟಿಸಿದ ಸಂಶೋಧನೆಯೇ ಕೋವಿಡ್ ಲಸಿಕೆಗೆ ದಾರಿಯಾಯಿತು. ನೊಬೆಲ್ ಬಂದಾಗ 68 ವರ್ಷ.

ಆದರೆ ಇವರ ಕಥೆಯನ್ನು ಮಗಳಿಗೆ ಹೇಳುವಾಗ ಇನ್ನೊಂದು ಅರ್ಧವನ್ನೂ ಹೇಳಿ. ಕೆಲಸಕ್ಕಾಗಿ ದೂರದ ದ್ವೀಪಕ್ಕೆ ಹೋಗುವಾಗ ತು ಯೂಯೂ ಚಿಕ್ಕ ಮಗಳನ್ನು ತಮ್ಮ ಅಪ್ಪ ಅಮ್ಮನ ಹತ್ತಿರ, ದೊಡ್ಡವಳನ್ನು ಶಿಶುವಿಹಾರದಲ್ಲಿ ಬಿಟ್ಟು ಹೋದರು. ಗಂಡ ಆಗ ಬೇರೆ ಕಡೆ ಇದ್ದರು. ಹೀಗೆಲ್ಲ ಸಂಕಟ ನುಂಗಿದರೇ ಸಾಧನೆ ಅಂತ ಯಾರಿಗೂ ಹೇಳಿಕೊಡಬಾರದು. ನಿಮ್ಮ ಮಗಳಿಗೆ ಈಗ ಬೇಕಿರುವುದು ನೊಬೆಲ್‌ನವರ ಉದಾಹರಣೆಗಿಂತ ಹೆಚ್ಚಾಗಿ ದಿನಕ್ಕೆ ನಾಲ್ಕು ಗಂಟೆ ಬಿಡುವು, ಹಳೆಯ ಗುರುಗಳಿಗೆ ಒಂದು ಇಮೇಲ್, ಮತ್ತು ಕೆಲಸ ನಿಲ್ಲಿಸಿ ವಾಪಸ್ ಬರುವ ಹೆಣ್ಣುಮಕ್ಕಳಿಗೆ ಅಂತಲೇ ಇರುವ ಫೆಲೋಶಿಪ್‌ಗಳ ಮಾಹಿತಿ. ಆ ನಾಲ್ಕು ಗಂಟೆ ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಮನೆಯವರೆಲ್ಲ ಕೂತು ಮಾತಾಡಿ, ಅಳಿಯಂದಿರನ್ನೂ ಕೂರಿಸಿಕೊಂಡು.

ಪ್ರಶ್ನೆ: ಬಾನು ಮುಷ್ತಾಕ್ ಅವರಿಗೆ ಬಂದ ಬೂಕರ್‌ನಲ್ಲಿ ಅರ್ಧ ಹಣ ಅನುವಾದಕಿಗೆ ಹೋಯಿತಂತೆ. ಕಥೆ ಬರೆದವರಿಗೆ ಅನ್ಯಾಯ ಅಲ್ವಾ?

ಉತ್ತರ: ಖಂಡಿತ ಅಲ್ಲ. ಅದು ಇಂಟರ್‌ನ್ಯಾಷನಲ್ ಬೂಕರ್. ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದ ಪುಸ್ತಕಕ್ಕೆ ಕೊಡುವುದು. 50,000 ಪೌಂಡನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚಬೇಕು ಅಂತ ನಿಯಮವೇ ಇದೆ. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಬಂದಾಗ ಕನ್ನಡಕ್ಕೆ ಅದು ಮೊದಲನೆಯದು, ಕಥಾಸಂಕಲನವೊಂದು ಗೆದ್ದದ್ದೂ ಅದೇ ಮೊದಲು. ದೀಪಾ ಭಾಸ್ತಿ ಬರೀ ಅನುವಾದ ಮಾಡಿದವರಲ್ಲ. ಬಾನು ಅವರ ಕಥೆಗಳ ರಾಶಿಯಿಂದ 12 ಕಥೆಗಳನ್ನು ಆರಿಸಿದ್ದೂ ಅವರೇ. ಆಮೇಲೆ ಅದನ್ನು ಪ್ರಕಟಿಸಲು, ಸ್ಪರ್ಧೆಗೆ ಕಳಿಸಲು ಬ್ರಿಟನ್ನಿನ ಒಂದು ಸಣ್ಣ ಪ್ರಕಾಶನ ಬೇಕಾಯಿತು. ಅಷ್ಟೂ ಕೈಗಳು ಸೇರದಿದ್ದರೆ ಆ ಕಥೆಗಳು ತೀರ್ಪುಗಾರರ ಮೇಜಿಗೇ ಹೋಗುತ್ತಿರಲಿಲ್ಲ.

ಪುಸ್ತಕವೊಂದಕ್ಕೆ ಹೀಗೆ ಪಾಲು ಹಂಚಿ ಕೊಡುವ ಪದ್ಧತಿ ಶುರುವಾದದ್ದು 2016ರಲ್ಲಿ. ಆ ಮೊದಲ ವರ್ಷ ಗೆದ್ದವರು ಕೊರಿಯಾದ ಹಾನ್ ಕಾಂಗ್, ಅನುವಾದಕಿ ಡೆಬೊರಾ ಸ್ಮಿತ್. 2024ರಲ್ಲಿ ಹಾನ್ ಕಾಂಗ್‌ಗೆ ನೊಬೆಲ್ ಬಂತು, ಏಷ್ಯಾದ ಹೆಣ್ಣುಮಗಳೊಬ್ಬಳಿಗೆ ಸಾಹಿತ್ಯದ ನೊಬೆಲ್ ಬಂದದ್ದು ಅದೇ ಮೊದಲು. ಹಿಂದಿಯ ಗೀತಾಂಜಲಿ ಶ್ರೀ 2022ರಲ್ಲಿ ಡೈಸಿ ರಾಕ್‌ವೆಲ್ ಜೊತೆ ಗೆದ್ದರು. ಕನ್ನಡದಲ್ಲಿ ಇಂಥ ಬರಹಗಾರ್ತಿಯರು ಇನ್ನೂ ಎಷ್ಟೋ ಜನ ಇದ್ದಾರೆ. ಕೊರತೆ ಇರುವುದು ಅನುವಾದಕರದ್ದು, ಅವರಿಗೆ ಸರಿಯಾಗಿ ದುಡ್ಡು ಕೊಡುವವರದ್ದು.

ಪ್ರಶ್ನೆ: ಜೈಲಿನಲ್ಲಿ ಇರುವವರಿಗೆ ನೊಬೆಲ್ ಬಂದರೆ ಯಾರು ತೆಗೆದುಕೊಳ್ತಾರೆ?

ಉತ್ತರ: ಸಾಮಾನ್ಯವಾಗಿ ಮನೆಯವರು. ಇರಾನಿನ ನರ್ಗಿಸ್ ಮೊಹಮ್ಮದಿ 2023ರಲ್ಲಿ ಶಾಂತಿ ನೊಬೆಲ್ ಬಂದಾಗ ಜೈಲಿನಲ್ಲಿದ್ದರು. ಓಸ್ಲೋದಲ್ಲಿ ಅವರ ಅವಳಿ ಮಕ್ಕಳು, 17 ವರ್ಷದ ಮಗಳು ಮತ್ತು ಮಗ, ಅಮ್ಮ ಜೈಲಿನಿಂದ ಕಳಿಸಿದ್ದ ಭಾಷಣ ಓದಿದರು. 1991ರಲ್ಲಿ ಆಂಗ್ ಸಾನ್ ಸೂ ಚಿ ಗೃಹಬಂಧನದಲ್ಲಿದ್ದಾಗಲೂ ಇಬ್ಬರು ಗಂಡುಮಕ್ಕಳು ಹೋಗಿದ್ದರು. ಅವರು ಸ್ವತಃ ಹೋಗಿ ಭಾಷಣ ಮಾಡಿದ್ದು 2012ರಲ್ಲಿ.

ಪ್ರಶ್ನೆ: ನಮಗೆ ಗೊತ್ತಿರುವ ಒಬ್ಬ ಹಿರಿಯ ಲೇಖಕಿ ಇಂಥ ಬಹುಮಾನಕ್ಕೆ ಯೋಗ್ಯರು ಅಂತ ನಮಗೆಲ್ಲ ಅನಿಸುತ್ತೆ. ನಾವು ಹೆಸರು ಕಳಿಸಬಹುದಾ? (ಕನ್ನಡ ಅಧ್ಯಾಪಕರ ಒಂದು ಗುಂಪು)

ಉತ್ತರ: ಈ ಪ್ರಶ್ನೆ ಬಂದದ್ದಕ್ಕೆ ತುಂಬಾ ಖುಷಿಯಾಯಿತು. ನೊಬೆಲ್‌ಗೆ ತನ್ನ ಹೆಸರನ್ನು ತಾನೇ ಕಳಿಸುವ ಹಾಗಿಲ್ಲ. ವಿಜ್ಞಾನದ ನೊಬೆಲ್‌ಗಳಿಗೆ ಸಮಿತಿ ಕೇಳಿದವರು ಮಾತ್ರ ಶಿಫಾರಸು ಮಾಡಬಹುದು. ಸಾಹಿತ್ಯಕ್ಕೆ ಹಾಗಲ್ಲ. ವಿಶ್ವವಿದ್ಯಾಲಯಗಳ ಸಾಹಿತ್ಯ ಮತ್ತು ಭಾಷಾಶಾಸ್ತ್ರದ ಪ್ರೊಫೆಸರ್‌ಗಳಿಗೆ, ಲೇಖಕರ ಸಂಘಗಳ ಅಧ್ಯಕ್ಷರಿಗೆ, ಹಿಂದೆ ಆ ನೊಬೆಲ್ ಪಡೆದವರಿಗೆ ಹೆಸರು ಸೂಚಿಸುವ ಹಕ್ಕಿದೆ. ನಿಮ್ಮಲ್ಲಿ ಯಾರಾದರೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರೆ ಆ ಹಕ್ಕು ನಿಮಗಿದೆ. ಎಷ್ಟು ಜನ ಅದನ್ನು ಬಳಸಿದ್ದಾರೆ ಅಂತ ತಿಳಿಯಬೇಕಾದರೆ 50 ವರ್ಷ ಕಾಯಬೇಕು, ಅಲ್ಲಿವರೆಗೆ ಶಿಫಾರಸುಗಳ ಪಟ್ಟಿ ಗುಟ್ಟು. ಶಾಂತಿ ನೊಬೆಲ್‌ಗೂ ಇತಿಹಾಸ, ಕಾನೂನು, ಸಮಾಜ ವಿಜ್ಞಾನ, ತತ್ವಶಾಸ್ತ್ರದ ಪ್ರೊಫೆಸರ್‌ಗಳು, ಸಂಸತ್ ಸದಸ್ಯರು ಹೆಸರು ಕಳಿಸಬಹುದು. ಸಮಾಜಸೇವೆ, ಪರಿಸರ, ಮಾನವ ಹಕ್ಕುಗಳ ಕ್ಷೇತ್ರದವರಾದರೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಇದೆ, ಅದಕ್ಕೆ ಯಾರು ಬೇಕಾದರೂ ಇನ್ನೊಬ್ಬರ ಹೆಸರು ಸೂಚಿಸಬಹುದು.

ಪತ್ರ ಬರೆಯುವಾಗ ಒಂದೆರಡು ವಿಷಯ ನೋಡಿಕೊಳ್ಳಿ. ಅವರು ಯಾರ ಹೆಂಡತಿ, ಯಾರ ಶಿಷ್ಯೆ, ಎಷ್ಟು ಕಷ್ಟಪಟ್ಟರು ಅನ್ನೋದರಿಂದ ಶುರು ಮಾಡಬೇಡಿ. ಮೊದಲ ಪ್ಯಾರಾದಲ್ಲೇ ಅವರು ಬರೆದದ್ದು ಏನು, ಅದರಲ್ಲಿ ಬೇರೆಯವರು ಮಾಡದೇ ಇದ್ದದ್ದು ಏನು ಅಂತ ಬರಲಿ. ಅಮೋಘ, ಅನನ್ಯ ಅನ್ನೋ ಮಾತುಗಳು ಬೇಡ, ಎರಡು ಮೂರು ಕೃತಿಗಳ ಬಗ್ಗೆ ಗಟ್ಟಿಯಾಗಿ ನಾಲ್ಕು ಸಾಲು ಬರೆಯಿರಿ. ಇಂಗ್ಲಿಷ್, ಫ್ರೆಂಚ್ ಅಥವಾ ಸ್ವೀಡಿಷ್ ಅನುವಾದ ಏನೇನು ಇದೆ, ಎಲ್ಲಿ ಸಿಗುತ್ತೆ ಅಂತ ಸೇರಿಸಿ. ಇಲ್ಲದಿದ್ದರೆ ಮೊದಲು ಆಗಬೇಕಾದ ಕೆಲಸ ಅನುವಾದ. ಒಂದು ವರ್ಷ ಕಳಿಸಿ ಸುಮ್ನೆ ಕೂರಬೇಡಿ, ಪ್ರತಿವರ್ಷ ಹೊಸದಾಗಿ ಕಳಿಸಬೇಕು. ಸಾಹಿತ್ಯಕ್ಕೂ ಶಾಂತಿಗೂ ಕೊನೆಯ ದಿನ ಜನವರಿ 31. ಪತ್ರ ಡಿಸೆಂಬರ್‌ನಲ್ಲೇ ಹೊರಡಲಿ.